ಅರ್ನಾತ್: ಕರಕ್ ಕೋಟೆಯ ದೊರೆ

ಹಿತ್ತೀನ್ ಯುದ್ಧದ ಕಥೆಯನ್ನು ನೀವು ಎಲ್ಲಾದರೂ ಕೇಳಿಯೇ ಇರುತ್ತೀರಿ. ಯುದ್ಧ ಮುಗಿದ ಸಂಜೆ ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯವರ ಡೇರೆಗೆ ಇಬ್ಬರು ಸೆರೆಯಾಳುಗಳನ್ನು ತರುತ್ತಾರೆ. ಒಬ್ಬನಿಗೆ ತಣ್ಣನೆಯ ನೀರು ಸಿಗುತ್ತದೆ, ಇನ್ನೊಬ್ಬನಿಗೆ ಕತ್ತಿಯ ಏಟು ಸಿಗುತ್ತದೆ. ಮಕ್ಕಳಿಗೆ ಈ ಕಥೆ ಹೇಳಿದಾಗಲೆಲ್ಲ ನೀರು ಕುಡಿದ ರಾಜನ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಎಲ್ಲರಿಗೂ ಆ ಇನ್ನೊಬ್ಬನ ಮೇಲೆಯೇ ಕುತೂಹಲ. ಅವನು ಯಾರು? ಸಾವಿರಾರು ಕೈದಿಗಳನ್ನು ಬಿಟ್ಟುಕಳುಹಿಸಿದ ಸುಲ್ತಾನರಿಗೆ ಅವನೊಬ್ಬನ ಮೇಲೆ ಅಷ್ಟು ಸಿಟ್ಟು ಏಕೆ?

ಉರ್ದು ಪುಸ್ತಕಗಳಲ್ಲಿ ಅವನ ಹೆಸರು ರೆಜಿನಾಲ್ಡ್. ಫ್ರೆಂಚರ ಬಾಯಲ್ಲಿ ರೆನೋ. ಅರಬ್ ಇತಿಹಾಸಕಾರರು ಅವನನ್ನು ಬ್ರಿನ್ಸ್ ಅರ್ನಾತ್ ಎಂದು ಬರೆದರು. ಬ್ರಿನ್ಸ್ ಎಂದರೆ ಪ್ರಿನ್ಸ್. ಅರಬಿಯಲ್ಲಿ 'ಪ' ಅಕ್ಷರವಿಲ್ಲ ಎಂಬುದು ಉರ್ದು ಓದಿದ ವಿದ್ಯಾರ್ಥಿಗಳಿಗೆ ಗೊತ್ತೇ ಇದೆ. ಅವನ ಕೊನೆಯ ಹತ್ತು ನಿಮಿಷ ಮಾತ್ರ ನಮಗೆ ಗೊತ್ತು. ಅದಕ್ಕೆ ಮುಂಚಿನ ಅರವತ್ತು ವರ್ಷಗಳ ಬದುಕನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಕಾಲದ ಹಿನ್ನೆಲೆ. 1099ರಲ್ಲಿ ಯೂರೋಪಿನ ಶಿಲುಬೆ ಸೈನ್ಯ ಬೈತುಲ್ ಮುಕದ್ದಸ್ ಅನ್ನು, ಅಂದರೆ ಜೆರುಸಲೇಮನ್ನು ವಶಪಡಿಸಿಕೊಂಡಿತು. ಸಿರಿಯಾ ಮತ್ತು ಫೆಲೆಸ್ತೀನಿನ ಸುತ್ತಮುತ್ತ ಅವರ ನಾಲ್ಕು ರಾಜ್ಯಗಳು ಹುಟ್ಟಿಕೊಂಡವು: ಎಡೆಸ್ಸ, ಅಂತಿಯೋಕ್, ತ್ರಿಪೋಲಿ ಮತ್ತು ಜೆರುಸಲೇಮ್. 1144ರಲ್ಲಿ ಇಮಾದುದ್ದೀನ್ ಝಂಗಿ ಎಡೆಸ್ಸವನ್ನು ಗೆದ್ದುಕೊಂಡಾಗ ಯೂರೋಪಿನಲ್ಲಿ ದೊಡ್ಡ ಗದ್ದಲವೆದ್ದಿತು. ಫ್ರಾನ್ಸಿನ ದೊರೆ ಏಳನೆಯ ಲೂಯಿ 1147ರಲ್ಲಿ ಸೈನ್ಯ ಕಟ್ಟಿಕೊಂಡು ಪೂರ್ವಕ್ಕೆ ಹೊರಟ. ಅವನ ಜೊತೆ ಬಂದವರಲ್ಲಿ ಇಪ್ಪತ್ತೆರಡು ಇಪ್ಪತ್ಮೂರರ ಪ್ರಾಯದ ಈ ರೆಜಿನಾಲ್ಡನೂ ಇದ್ದ.

ಅವನದು ಮಧ್ಯ ಫ್ರಾನ್ಸಿನ ಲ್ವಾರ್ ನದಿಯ ದಡದ ಶಾತಿಯೋನ್ ಎಂಬ ಊರು. ಒಳ್ಳೆಯ ಮನೆತನ, ಆದರೆ ಅವನು ಕಿರಿಯ ಮಗ. ಕಿರಿಯ ಮಗನಿಗೆ ಅಲ್ಲಿ ಸಿಗುತ್ತಿದ್ದದ್ದು ಒಂದು ಕುದುರೆ, ಒಂದು ಕತ್ತಿ ಮತ್ತು ಹಿರಿಯರ ಹಾರೈಕೆ ಮಾತ್ರ. 1148ರಲ್ಲಿ ದಮಾಸ್ಕಸ್ ಮುತ್ತಿಗೆ ವಿಫಲವಾಗಿ ಲೂಯಿ ದೊರೆ ಊರಿಗೆ ಮರಳಿದ. ರೆಜಿನಾಲ್ಡ್ ಮರಳಲಿಲ್ಲ. ಊರಿನಲ್ಲಿ ಅವನಿಗಾಗಿ ಕಾಯುತ್ತಿದ್ದ ಆಸ್ತಿ ಏನೂ ಇರಲಿಲ್ಲ. ಸಂಬಳಕ್ಕೆ ಕತ್ತಿ ಹಿಡಿಯುವ ಸವಾರನಾಗಿ ಇಲ್ಲೇ ಉಳಿದುಕೊಂಡ.

ಅದೃಷ್ಟ ತೆರೆದದ್ದು ಮದುವೆಯಿಂದ. ಅಂತಿಯೋಕಿನ ಆಡಳಿತಗಾರ ರೇಮಂಡ್ 1149ರಲ್ಲಿ ನೂರುದ್ದೀನ್ ಝಂಗಿಯ ಸೈನ್ಯದೊಡನೆ ಇನಬ್ ಎಂಬಲ್ಲಿ ಹೋರಾಡುತ್ತ ಸತ್ತಿದ್ದ. ರಾಜ್ಯದ ನಿಜವಾದ ವಾರಸುದಾರಳು ಅವನ ಹೆಂಡತಿ ಕಾನ್‌ಸ್ಟನ್ಸ್. ಮಗ ಇನ್ನೂ ಚಿಕ್ಕವನು. ವಿಧವೆ ಬೇಗ ಮರುಮದುವೆಯಾಗಬೇಕೆಂದು ಎಲ್ಲರ ಒತ್ತಾಯ. ಜೆರುಸಲೇಮಿನ ರಾಜ ಮೂರನೆಯ ಬಾಲ್ಡ್‌ವಿನ್ ಸೂಚಿಸಿದ ವರಗಳನ್ನೂ, ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ ಕಳುಹಿಸಿದ ವರನನ್ನೂ ಆಕೆ ಬೇಡವೆಂದಳು. ಕೊನೆಗೆ 1153ರಲ್ಲಿ ಆಕೆ ಆರಿಸಿಕೊಂಡದ್ದು ಆಸ್ತಿಪಾಸ್ತಿ ಏನೂ ಇಲ್ಲದ ಈ ಯುವಕನನ್ನು. ಬಾಲ್ಡ್‌ವಿನ್ ಆಗ ಅಸ್ಕಲಾನ್ ಮುತ್ತಿಗೆಯಲ್ಲಿದ್ದ. ರೆಜಿನಾಲ್ಡನೂ ಅಲ್ಲಿದ್ದ. ರಾಜನ ಒಪ್ಪಿಗೆ ಪಡೆದು ಅಂತಿಯೋಕಿಗೆ ಹೋಗಿ ಮದುವೆಯಾದ. ಒಂದೇ ವರ್ಷದಲ್ಲಿ ಸಂಬಳದ ಸವಾರ ಒಂದು ರಾಜ್ಯದ ಪ್ರಿನ್ಸ್ ಆದ.

ಅವನ ಆಳ್ವಿಕೆಯ ಆರಂಭ ಹೇಗಿತ್ತೆಂಬುದನ್ನು ನೀವು ಗಮನಿಸಬೇಕು. ಅಂತಿಯೋಕಿನ ಪ್ರಧಾನ ಧರ್ಮಗುರು ಐಮೆರಿ ಈ ಮದುವೆಯನ್ನು ಬಹಿರಂಗವಾಗಿ ಟೀಕಿಸಿದ್ದರು. ರೆಜಿನಾಲ್ಡ್ ಆ ವೃದ್ಧರನ್ನು ಹಿಡಿಸಿ ಹೊಡೆಸಿದ. ಗಾಯವಾದ ತಲೆಗೆ ಜೇನು ಬಳಿಸಿ, ಕೋಟೆಯ ಮೇಲೆ ಉರಿಬಿಸಿಲಿನಲ್ಲಿ ನೊಣಗಳ ನಡುವೆ ಇಡೀ ದಿನ ಕೂರಿಸಿದ. ಸುದ್ದಿ ತಿಳಿದು ರಾಜ ಬಾಲ್ಡ್‌ವಿನ್ ದೂತರನ್ನು ಅಟ್ಟಿದ ಮೇಲೆ ಧರ್ಮಗುರುಗಳು ಬಿಡುಗಡೆಯಾಗಿ ಜೆರುಸಲೇಮಿಗೆ ಹೋದರು. ಇದನ್ನು ಬರೆದಿಟ್ಟವರು ಯಾವ ಅರಬ್ ಲೇಖಕರೂ ಅಲ್ಲ, ಟೈರ್ ನಗರದ ಆರ್ಚ್‌ಬಿಷಪ್ ವಿಲಿಯಂ. ಸ್ವತಃ ಕ್ರೈಸ್ತ ಧರ್ಮಗುರು, ರಾಜಮನೆತನದ ಶಿಕ್ಷಕ. ಆದ್ದರಿಂದ ರೆಜಿನಾಲ್ಡನ ಕ್ರೌರ್ಯ ವೈರಿಗಳು ಕಟ್ಟಿದ ಕಥೆ ಎಂದು ತಳ್ಳಿಹಾಕುವಂತಿಲ್ಲ.

ಮುಂದೆ ಸೈಪ್ರಸ್ ದ್ವೀಪದ ಸರದಿ. ಆ ದ್ವೀಪ ಬೈಜಾಂಟಿಯಮ್ ಚಕ್ರವರ್ತಿ ಮ್ಯಾನುಯೆಲನದು, ಅಲ್ಲಿನ ಜನರೂ ಕ್ರೈಸ್ತರೇ. ಅರ್ಮೇನಿಯಾದ ತೋರೋಸ್ ವಿರುದ್ಧ ಹೋರಾಡಿದರೆ ಹಣ ಕೊಡುವುದಾಗಿ ಚಕ್ರವರ್ತಿ ಹೇಳಿದ್ದ. ಹಣ ಬರಲಿಲ್ಲ. ರೆಜಿನಾಲ್ಡ್ ತಕ್ಷಣ ಪಕ್ಷ ಬದಲಿಸಿ, ಅದೇ ತೋರೋಸನ ಜೊತೆ ಸೇರಿ 1155-56ರ ಸುಮಾರಿಗೆ ಸೈಪ್ರಸ್ ಮೇಲೆ ಬಿದ್ದ. ಮನೆ, ಮಠ, ಬೆಳೆ ಯಾವುದನ್ನೂ ಬಿಡದೆ ದೋಚಿದರು. ಅದಕ್ಕೆ ಬೆಲೆ ತೆರಬೇಕಾಯಿತು. 1158ರ ಕೊನೆಗೆ ಮ್ಯಾನುಯೆಲ್ ದೊಡ್ಡ ಸೈನ್ಯದೊಡನೆ ಸಿಲಿಸಿಯಾಕ್ಕೆ ಬಂದಿಳಿದ. ತಡೆಯುವ ಶಕ್ತಿ ರೆಜಿನಾಲ್ಡನಿಗೆ ಇರಲಿಲ್ಲ. ಬರಿಗಾಲಿನಲ್ಲಿ, ಕೊರಳಿಗೆ ಹಗ್ಗ ಹಾಕಿಕೊಂಡು, ಕತ್ತಿಯ ಮೊನೆಯನ್ನು ತಾನು ಹಿಡಿದು ಹಿಡಿಯನ್ನು ಚಕ್ರವರ್ತಿಯ ಕಡೆಗೆ ಚಾಚಿ, ಎಲ್ಲರೆದುರು ನೆಲಕ್ಕೆ ಬಿದ್ದು ಕ್ಷಮೆ ಬೇಡಿದ. 1159ರ ಏಪ್ರಿಲ್‌ನಲ್ಲಿ ಮ್ಯಾನುಯೆಲ್ ಅಂತಿಯೋಕನ್ನು ಮೆರವಣಿಗೆಯಲ್ಲಿ ಪ್ರವೇಶಿಸಿದಾಗ ಆ ಊರಿನ ಪ್ರಿನ್ಸ್ ಚಕ್ರವರ್ತಿಯ ಕುದುರೆಯ ಪಕ್ಕದಲ್ಲಿ ಕಾಲ್ನಡಿಗೆಯಲ್ಲಿ ಬಂದ.

ಇಷ್ಟಾದರೂ ಕೊಳ್ಳೆಯ ಚಟ ಹೋಗಲಿಲ್ಲ. ಒಂದೆರಡು ವರ್ಷಗಳಲ್ಲೇ, ಒಂದು ನವೆಂಬರ್ ತಿಂಗಳಲ್ಲಿ, ಮರಅಶ್ ಕಡೆಯ ಬಯಲಿನಲ್ಲಿ ಮೇಯುತ್ತಿದ್ದ ದನ, ಕುದುರೆ, ಒಂಟೆಗಳನ್ನು ಹೊಡೆದುಕೊಂಡು ಬರುವಾಗ ಹಲಬ್ (ಅಲೆಪ್ಪೊ) ನಗರದ ರಾಜ್ಯಪಾಲ ಮಜ್ದುದ್ದೀನ್ ಇಬ್ನುದ್ದಾಯಾನ ಕೈಗೆ ಸಿಕ್ಕಿಬಿದ್ದ. ದೋಚಿದ ಜಾನುವಾರುಗಳನ್ನು ಬಿಟ್ಟು ಓಡಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ಬಿಡಲು ಮನಸ್ಸು ಬರಲಿಲ್ಲ.

ಹಲಬ್ ಕೋಟೆಯ ಸೆರೆಯಲ್ಲಿ ಹದಿನೈದು ವರ್ಷ! ಓದುಗರೇ, ಇದನ್ನು ಅವಸರದಲ್ಲಿ ಓದಿಕೊಂಡು ಹೋಗಬೇಡಿ. ಮೂವತ್ತೈದರ ಆಸುಪಾಸಿನಲ್ಲಿ ಒಳಗೆ ಹೋದವನು ಹೊರಬಂದದ್ದು ಐವತ್ತು ದಾಟಿದ ಮೇಲೆ. ಅವನನ್ನು ಬಿಡಿಸಿಕೊಳ್ಳಲು ಯಾರಿಗೂ ಅವಸರವಿರಲಿಲ್ಲ. ಅವನು ಒಳಗಿರುವಾಗಲೇ ಕಾನ್‌ಸ್ಟನ್ಸ್ ತೀರಿಕೊಂಡಳು. ಮಲಮಗ ಬೊಹೆಮಂಡ್ ದೊಡ್ಡವನಾಗಿ ಅಂತಿಯೋಕಿನ ಗದ್ದುಗೆ ಏರಿದ. ಅಂದರೆ ರೆಜಿನಾಲ್ಡನಿಗೆ ಪ್ರಿನ್ಸ್ ಎಂಬ ಬಿರುದು ಉಳಿಯಿತು, ರಾಜ್ಯ ಉಳಿಯಲಿಲ್ಲ. ಮಲಮಗಳು ಮರಿಯಾ ಮಾತ್ರ ಅದೇ ಚಕ್ರವರ್ತಿ ಮ್ಯಾನುಯೆಲನ ಮಡದಿಯಾದಳು. ಸ್ವಂತ ಮಗಳು ಆಗ್ನೆಸ್ ಹಂಗೇರಿಯ ರಾಣಿಯಾದಳು. 1170ರ ಭೀಕರ ಭೂಕಂಪ ಹಲಬ್ ನಗರವನ್ನು ನಡುಗಿಸಿದಾಗಲೂ ಅವನು ಅಲ್ಲೇ ಇದ್ದ. 1174ರಲ್ಲಿ ನೂರುದ್ದೀನ್ ತೀರಿಕೊಂಡು, ಈಜಿಪ್ಟಿನಿಂದ ಸಲಾಹುದ್ದೀನ್ ಬಂದು ದಮಾಸ್ಕಸ್ ವಹಿಸಿಕೊಂಡರು. ಹಲಬ್‌ನ ಆಡಳಿತಗಾರರಿಗೆ ಸಲಾಹುದ್ದೀನರ ಭಯ. ಅವರ ವಿರುದ್ಧ ಫ್ರಾಂಕರ ಬೆಂಬಲ ಬೇಕಾಗಿತ್ತು. ಹೀಗಾಗಿ 1176ರಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರ ದೀನಾರುಗಳ ಬಿಡುಗಡೆ ಹಣಕ್ಕೆ ಅವನು ಹೊರಬಂದ. ಮುಸ್ಲಿಮ್ ಅರಸರ ಒಳಜಗಳವೇ ಅವನ ಸೆರೆಯ ಬಾಗಿಲು ತೆರೆಯಿತು ಎಂಬುದು ನಾವು ನುಂಗಲೇಬೇಕಾದ ಕಹಿ ಸತ್ಯ.

ಹೊರಬಂದವನಿಗೆ ಎರಡನೆಯ ಬಾರಿಯೂ ಮದುವೆಯೇ ಕೈ ಹಿಡಿಯಿತು. ಮೃತಸಮುದ್ರದ ಆಚೆ, ಇಂದಿನ ಜೋರ್ಡಾನಿನಲ್ಲಿ, ಕರಕ್ ಮತ್ತು ಶೌಬಕ್ ಎಂಬ ಎರಡು ಗಟ್ಟಿ ಕೋಟೆಗಳಿವೆ. ಅವುಗಳ ಒಡತಿ ಸ್ಟೆಫಾನಿ ಎಂಬ ವಿಧವೆ. ಅವಳನ್ನು ಮದುವೆಯಾಗಿ ರೆಜಿನಾಲ್ಡ್ ಆ ಪ್ರಾಂತ್ಯದ ಒಡೆಯನಾದ. ಭೂಪಟ ತೆಗೆದು ನೋಡಿದರೆ ಆ ಜಾಗದ ಮಹತ್ವ ತಿಳಿಯುತ್ತದೆ. ಕೈರೋದಿಂದ ದಮಾಸ್ಕಸ್‌ಗೆ ಹೋಗುವ ವರ್ತಕರ ಕಾಫಿಲಾ ಹಾದುಹೋಗುವುದು ಆ ದಾರಿಯಲ್ಲಿ. ದಮಾಸ್ಕಸ್‌ನಿಂದ ಮದೀನಕ್ಕೆ ಹೊರಟ ಹಜ್ ಯಾತ್ರಿಕರೂ ಅದರ ಆಸುಪಾಸಿನಲ್ಲೇ ಸಾಗಬೇಕು. ಕರಕ್‌ನಲ್ಲಿ ಕುಳಿತವನ ಕೈ ಸಲಾಹುದ್ದೀನರ ಎರಡು ದೇಶಗಳ ನಡುವಿನ ಕೊರಳ ಮೇಲೆ ಇದ್ದಂತೆ.

ಜೆರುಸಲೇಮಿನಲ್ಲಿ ಆಗ ನಾಲ್ಕನೆಯ ಬಾಲ್ಡ್‌ವಿನ್ ರಾಜ, ಹದಿಹರೆಯದ ಹುಡುಗ. ಕುಷ್ಠರೋಗ ಅವನನ್ನು ದಿನದಿನಕ್ಕೆ ತಿನ್ನುತ್ತಿತ್ತು. 1177ರಲ್ಲಿ ಕಾಯಿಲೆ ಹೆಚ್ಚಾದಾಗ ಅವನು ರಾಜ್ಯ ಮತ್ತು ಸೈನ್ಯದ ಹೊಣೆಯನ್ನು ವಹಿಸಿದ್ದು ರೆಜಿನಾಲ್ಡನಿಗೆ. ಅದೇ ವರ್ಷ ನವೆಂಬರ್ 25ರಂದು ರಮ್ಲಾ ಬಳಿಯ ಮೊಂಜಿಸಾರ್ ಯುದ್ಧದಲ್ಲಿ ಸಲಾಹುದ್ದೀನರ ಸೈನ್ಯ ದೊಡ್ಡ ಸೋಲು ಕಂಡಿತು. ಸುಲ್ತಾನರು ಕಷ್ಟಪಟ್ಟು ಈಜಿಪ್ಟ್ ಸೇರಿದರು. ಆ ಗೆಲುವಿನಲ್ಲಿ ರೆಜಿನಾಲ್ಡನ ಪಾಲು ದೊಡ್ಡದೆಂದು ಇತಿಹಾಸಕಾರರು ಒಪ್ಪುತ್ತಾರೆ. ಅವನು ಬರಿಯ ದರೋಡೆಕೋರನಲ್ಲ, ಯುದ್ಧ ಬಲ್ಲವನು. ಇದನ್ನೂ ಹೇಳದಿದ್ದರೆ ನ್ಯಾಯವಾಗದು.

ಇಲ್ಲಿ ಒಪ್ಪಂದಗಳ ವಿಷಯ ಸ್ವಲ್ಪ ವಿವರಿಸಬೇಕು. ಆ ಎರಡು ಶತಮಾನ ಪೂರ್ತಿ ಬರೀ ಯುದ್ಧವೇ ನಡೆದಿತ್ತು ಎಂದು ನೀವು ತಿಳಿದಿದ್ದರೆ ಅದು ತಪ್ಪು. ಎರಡೂ ಕಡೆಯವರು ಪದೇ ಪದೇ ಕದನವಿರಾಮ ಮಾಡಿಕೊಳ್ಳುತ್ತಿದ್ದರು. ವರ್ತಕರು ಸುಂಕ ಕಟ್ಟಿ ಗಡಿ ದಾಟುತ್ತಿದ್ದರು. ಸ್ಪೇನಿನ ಯಾತ್ರಿಕ ಇಬ್ನ್ ಜುಬೈರ್ 1184ರಲ್ಲಿ ಆ ದಾರಿಯಲ್ಲಿ ಹೋದಾಗ, ಒಂದು ಕಡೆ ಸಲಾಹುದ್ದೀನರು ಕರಕ್ ಕೋಟೆಗೆ ಮುತ್ತಿಗೆ ಹಾಕಿದ್ದರೂ, ಇನ್ನೊಂದು ಕಡೆ ದಮಾಸ್ಕಸ್ ಮತ್ತು ಅಕ್ಕಾ ನಡುವೆ ಕಾಫಿಲಾಗಳು ತಡೆಯಿಲ್ಲದೆ ಓಡಾಡುವುದನ್ನು ಕಂಡು ಬೆರಗಾದರು. ಸೈನಿಕರ ಜಗಳ ಸೈನಿಕರಿಗೆ, ವ್ಯಾಪಾರ ವರ್ತಕರಿಗೆ. ಈ ವ್ಯವಸ್ಥೆ ನಿಂತಿದ್ದು ಕೊಟ್ಟ ಮಾತಿನ ಮೇಲೆ. ಎರಡೂ ಕಡೆಯ ಬಡವರು ಬದುಕಿದ್ದೂ ಅದರ ಮೇಲೆಯೇ.

1180ರಲ್ಲಿ ಬಾಲ್ಡ್‌ವಿನ್ ಮತ್ತು ಸಲಾಹುದ್ದೀನ್ ಇಂಥದ್ದೊಂದು ಒಪ್ಪಂದ ಮಾಡಿಕೊಂಡರು. ರೆಜಿನಾಲ್ಡ್ ಅದನ್ನು ಲೆಕ್ಕಿಸದೆ ಅರೇಬಿಯಾದ ಮರುಭೂಮಿಗೆ, ಮದೀನದ ದಾರಿಯ ತೈಮಾ ಕಡೆಗೆ ನುಗ್ಗಿ ಒಂದು ಕಾಫಿಲಾವನ್ನು ದೋಚಿದ. ಸುಲ್ತಾನರ ಸೋದರನ ಮಗ ಫರ್ರುಖ್ ಶಾಹ್ ದಮಾಸ್ಕಸ್‌ನಿಂದ ಬಂದು ಕರಕ್ ಸೀಮೆಯ ಮೇಲೆ ಬಿದ್ದ ಕಾರಣ ವಾಪಸಾಗಬೇಕಾಯಿತು. ಸುಲ್ತಾನರು ಬಾಲ್ಡ್‌ವಿನ್ ರಾಜನಿಗೆ ದೂರು ಕೊಟ್ಟರು. ರಾಜ ಪರಿಹಾರ ಕೊಡಲು ಹೇಳಿದರೂ ರೆಜಿನಾಲ್ಡ್ ಕೇಳಲಿಲ್ಲ.

ಅದಕ್ಕಿಂತ ದೊಡ್ಡ ಸಾಹಸ ನಡೆದದ್ದು 1182ರ ಕೊನೆ ಮತ್ತು 1183ರ ಆರಂಭದಲ್ಲಿ. ಹಡಗುಗಳನ್ನು ಬಿಡಿಭಾಗಗಳಾಗಿ ಮಾಡಿಸಿ, ಒಂಟೆಗಳ ಮೇಲೆ ಹೇರಿ, ಮರುಭೂಮಿ ದಾಟಿಸಿ ಅಕಾಬಾ ಕೊಲ್ಲಿಗೆ ತಂದು ಜೋಡಿಸಿ ನೀರಿಗಿಳಿಸಿದ. ಕೆಂಪು ಸಮುದ್ರದಲ್ಲಿ ಅದುವರೆಗೆ ಯಾವ ಶಿಲುಬೆ ಸೈನಿಕನ ಹಡಗೂ ಕಂಡಿರಲಿಲ್ಲ. ಕರಕ್ ದಾರಿ ಅಪಾಯವೆಂದು ಈಜಿಪ್ಟ್ ಮತ್ತು ಪಶ್ಚಿಮದ ಹಾಜಿಗಳು ಆಗ ಐದಾಬ್ ಬಂದರಿನಿಂದ ಜಿದ್ದಾಕ್ಕೆ ಸಮುದ್ರ ದಾಟುತ್ತಿದ್ದರು. ಅದೇ ಐದಾಬ್ ಮೇಲೆ ದಾಳಿಯಾಯಿತು. ಹಾಜಿಗಳ ಹಡಗು ಸಿಕ್ಕಿಬಿತ್ತು, ವರ್ತಕರ ಹಡಗುಗಳು ಉರಿದವು, ಹರಮೈನ್‌ಗೆ ಹೋಗಬೇಕಿದ್ದ ದವಸ ನಾಶವಾಯಿತು. ದಾಳಿಕೋರರು ಹಿಜಾಝ್ ತೀರದಲ್ಲೂ ಇಳಿದರು. ಮದೀನ ಮುನವ್ವರಕ್ಕೆ ಅಪಾಯವಿದೆ ಎಂಬ ಸುದ್ದಿ ಹಬ್ಬಿದಾಗ ಜನರ ಮನಸ್ಸು ಹೇಗಾಗಿರಬಹುದೆಂದು ನಿಮಗೆ ವಿವರಿಸಬೇಕಿಲ್ಲ. ರೆಜಿನಾಲ್ಡ್ ಸ್ವತಃ ಆ ಹಡಗುಗಳಲ್ಲಿ ಹೋದಂತೆ ಕಾಣುವುದಿಲ್ಲ. ಸತ್ತದ್ದು ಅವನು ಕಳುಹಿಸಿದ ಜನ. ಈಜಿಪ್ಟ್ ನೋಡಿಕೊಳ್ಳುತ್ತಿದ್ದ ಸುಲ್ತಾನರ ತಮ್ಮ ಅಲ್ ಆದಿಲ್ ನೌಕಾಧಿಪತಿ ಹುಸಾಮುದ್ದೀನ್ ಲುಅಲುಅ್‌ನನ್ನು ಕಳುಹಿಸಿದರು. ಆತ ಬೆನ್ನಟ್ಟಿ ಎಲ್ಲರನ್ನೂ ಹಿಡಿದ. ಕೆಲವರನ್ನು ಮಿನಾದಲ್ಲಿ, ಉಳಿದವರನ್ನು ಈಜಿಪ್ಟಿನ ನಗರಗಳಲ್ಲಿ ಕೊಲ್ಲಲಾಯಿತು. ಇಬ್ನ್ ಜುಬೈರ್ ಆ ವರ್ಷ ಅಲೆಕ್ಸಾಂಡ್ರಿಯಾದಲ್ಲಿ ಇಳಿದಾಗ ಈ ಕೈದಿಗಳನ್ನು ಒಂಟೆಗಳ ಮೇಲೆ ಬಾಲದ ಕಡೆ ಮುಖಮಾಡಿ ಕೂರಿಸಿ ಮೆರವಣಿಗೆ ಮಾಡುವುದನ್ನು ಕಂಡರು. ಶರಣಾದವರನ್ನು ಕೊಲ್ಲಲು ಅಲ್ ಆದಿಲ್‌ಗೆ ಹಿಂಜರಿಕೆಯಿತ್ತು. ಸುಲ್ತಾನರು ಪತ್ರ ಬರೆದು ಒತ್ತಾಯಿಸಿದರು. ಪವಿತ್ರ ನಗರಗಳ ದಾರಿ ಕಂಡವರು ಮತ್ತೆ ಬರಬಾರದು ಎಂಬುದು ಅವರ ಕಾರಣ. ಸುಲ್ತಾನರ ದಯೆಯ ಕಥೆಗಳ ಜೊತೆ ಇದನ್ನೂ ನಾವು ಓದಬೇಕು.

ಈ ದಾಳಿಯ ನಂತರ ರೆಜಿನಾಲ್ಡನನ್ನು ತಮ್ಮ ಕೈಯಿಂದಲೇ ಕೊಲ್ಲುವುದಾಗಿ ಸುಲ್ತಾನರು ಹರಕೆ ಹೊತ್ತರೆಂದು ಅವರ ಕಾಲದವರು ಬರೆದಿದ್ದಾರೆ. 1183ರ ನವೆಂಬರ್‌ನಲ್ಲಿ ಕರಕ್ ಕೋಟೆಗೆ ಮುತ್ತಿಗೆ ಹಾಕಿದರು. ಒಳಗೆ ಆಗ ಮದುವೆ ನಡೆಯುತ್ತಿತ್ತು. ವರ ಸ್ಟೆಫಾನಿಯ ಮಗ ಹಂಫ್ರಿ, ವಧು ರಾಜನ ಮಲತಂಗಿ ಇಸಬೆಲ್ಲಾ, ಹನ್ನೊಂದರ ಹುಡುಗಿ. ಫ್ರಾಂಕರ ಒಂದು ಚರಿತ್ರೆ ಹೇಳುವಂತೆ, ವರನ ತಾಯಿ ಮದುವೆಯ ಊಟವನ್ನು ಹೊರಗಿದ್ದ ಸುಲ್ತಾನರಿಗೂ ಕಳುಹಿಸಿದಳು. ಅವರು ನವದಂಪತಿ ಯಾವ ಬುರುಜಿನಲ್ಲಿದ್ದಾರೆಂದು ಕೇಳಿ ತಿಳಿದು, ಆ ಬುರುಜಿನ ಮೇಲೆ ಕಲ್ಲು ಬೀಳಬಾರದೆಂದು ಸೈನಿಕರಿಗೆ ಆಜ್ಞಾಪಿಸಿದರು. ರೋಗಿ ರಾಜ ಬಾಲ್ಡ್‌ವಿನ್ ಪಲ್ಲಕ್ಕಿಯಲ್ಲಿ ಸೈನ್ಯದೊಡನೆ ಬಂದಾಗ ಮುತ್ತಿಗೆ ತೆಗೆಯಬೇಕಾಯಿತು. ಮರುವರ್ಷದ ಮುತ್ತಿಗೆಯೂ ಫಲಿಸಲಿಲ್ಲ.

1185ರಲ್ಲಿ ಬಾಲ್ಡ್‌ವಿನ್ ತೀರಿಕೊಂಡ. ತ್ರಿಪೋಲಿಯ ಕೌಂಟ್ ರೇಮಂಡ್ ರಾಜಪ್ರತಿನಿಧಿಯಾಗಿ ಸುಲ್ತಾನರೊಡನೆ ನಾಲ್ಕು ವರ್ಷಗಳ ಕದನವಿರಾಮ ಮಾಡಿಕೊಂಡ. ಮುಂದಿನ ವರ್ಷ ಗೀ ಎಂಬ ಫ್ರೆಂಚ್ ನೈಟ್ ರಾಜನಾದ. ಅವನನ್ನೂ ಅವನ ಹೆಂಡತಿ ಸಿಬಿಲ್ಲಾಳನ್ನೂ ಗದ್ದುಗೆಗೆ ತಂದವರಲ್ಲಿ ರೆಜಿನಾಲ್ಡ್ ಪ್ರಮುಖ. ಆ ಚಳಿಗಾಲದಲ್ಲಿ ಕೈರೋದಿಂದ ದಮಾಸ್ಕಸ್‌ಗೆ ಹೊರಟ ಸಿರಿವಂತ ಕಾಫಿಲಾ ಕರಕ್ ಹತ್ತಿರ ಬಂದಾಗ ರೆಜಿನಾಲ್ಡ್ ಅದನ್ನು ಹಿಡಿದು ಜನರನ್ನು ಸೆರೆಯಲ್ಲಿಟ್ಟ. ಸುಲ್ತಾನರು ಒಪ್ಪಂದದ ಪ್ರಕಾರ ಬಿಡುಗಡೆ ಕೇಳಿದರು. ರಾಜ ಗೀ ಕೂಡ ಬಿಡಲು ಹೇಳಿದ. ಗೀ ತನ್ನ ನೆಲಕ್ಕೆ ಒಡೆಯನಾದಂತೆ ತಾನೂ ತನ್ನ ನೆಲಕ್ಕೆ ಒಡೆಯ, ಸರಾಸೆನರೊಡನೆ ತನಗೆ ಯಾವ ಒಪ್ಪಂದವೂ ಇಲ್ಲ ಎಂದು ರೆಜಿನಾಲ್ಡ್ ಉತ್ತರಿಸಿದ.

ಇಲ್ಲೊಂದು ತಪ್ಪು ತಿದ್ದಬೇಕು. 2005ರಲ್ಲಿ ಬಂದ 'ಕಿಂಗ್‌ಡಮ್ ಆಫ್ ಹೆವನ್' ಸಿನಿಮಾ ನೋಡಿದವರು ಈ ಕಾಫಿಲಾದಲ್ಲಿ ಸುಲ್ತಾನರ ಸಹೋದರಿ ಇದ್ದಳು, ಅವಳನ್ನು ರೆಜಿನಾಲ್ಡ್ ಕೊಂದ ಎಂದು ನಂಬಿದ್ದಾರೆ. ಹಾಗಾಗಲಿಲ್ಲ. ಸಹೋದರಿ ಇದ್ದದ್ದು 1187ರ ವಸಂತದಲ್ಲಿ ಹಜ್ ಮುಗಿಸಿ ಮರಳುತ್ತಿದ್ದ ಬೇರೊಂದು ಕಾಫಿಲಾದಲ್ಲಿ. ಅದು ಕರಕ್ ಸೀಮೆಯನ್ನು ದಾಟುವವರೆಗೆ ಸುಲ್ತಾನರೇ ಸೈನ್ಯದೊಡನೆ ಕಾವಲು ನಿಂತರು, ಅದು ಕ್ಷೇಮವಾಗಿ ಊರು ಸೇರಿತು. ರೆಜಿನಾಲ್ಡನ ಪರವಾಗಿಯೂ ಕೆಲವರು ವಾದಿಸುತ್ತಾರೆ. ಬ್ರಿಟಿಷ್ ಇತಿಹಾಸಕಾರ ಬರ್ನಾರ್ಡ್ ಹ್ಯಾಮಿಲ್ಟನ್ 1978ರಲ್ಲಿ ಬರೆದ ಲೇಖನದಲ್ಲಿ, ಅವನ ದಾಳಿಗಳ ಹಿಂದೆ ಈಜಿಪ್ಟ್ ಮತ್ತು ಸಿರಿಯಾ ಒಂದಾಗದಂತೆ ತಡೆಯುವ ಲೆಕ್ಕಾಚಾರ ಇತ್ತೆಂದು ತೋರಿಸಿದರು. ಕಾಫಿಲಾದ ಜೊತೆ ಸಶಸ್ತ್ರ ಸೈನಿಕರು ಇದ್ದದ್ದೂ ನಿಜ. ಲೆಕ್ಕಾಚಾರ ಇತ್ತೆಂದು ನಾನೂ ಒಪ್ಪುತ್ತೇನೆ. ಆದರೆ ಸೈಪ್ರಸ್‌ನ ರೈತರನ್ನು ದೋಚಿದಾಗ ಈಜಿಪ್ಟ್ ಎಲ್ಲಿತ್ತು, ಸಿರಿಯಾ ಎಲ್ಲಿತ್ತು? ತನ್ನ ರಾಜ ಕೊಟ್ಟ ಮಾತು ತನಗೆ ಅನ್ವಯಿಸದು ಎಂಬ ಸ್ವಭಾವ ಅವನಿಗೆ ಕರಕ್‌ಗೆ ಬರುವ ಮುಂಚೆಯೇ ಇತ್ತು.

ಒಪ್ಪಂದ ಮುರಿದುಬಿತ್ತು, ಯುದ್ಧ ಬಂತು. 1187ರ ಜುಲೈ ಆರಂಭದಲ್ಲಿ ಸಲಾಹುದ್ದೀನರು ತಬರಿಯ್ಯಾ ಪಟ್ಟಣವನ್ನು ಮುತ್ತಿದರು. ಅಲ್ಲಿ ಸಿಕ್ಕಿಬಿದ್ದದ್ದು ಕೌಂಟ್ ರೇಮಂಡನ ಸ್ವಂತ ಹೆಂಡತಿ. ಆದರೂ ನೀರಿಲ್ಲದ ಬಯಲಿನಲ್ಲಿ ಬೇಸಿಗೆಯಲ್ಲಿ ಹೊರಡುವುದು ಬೇಡವೆಂದು ರೇಮಂಡನೇ ಸಲಹೆ ಕೊಟ್ಟ. ಹೊರಡಲೇಬೇಕೆಂದು ರಾಜನ ತಲೆ ತುಂಬಿದವರು ರೆಜಿನಾಲ್ಡ್ ಮತ್ತು ಟೆಂಪ್ಲರ್ ಪಡೆಯ ಮುಖ್ಯಸ್ಥ ಜೆರಾರ್. ಜುಲೈ 4ರಂದು, ಹಿಜರಿ 583ರಲ್ಲಿ, ಬಾಯಾರಿದ ಆ ಸೈನ್ಯ ಹಿತ್ತೀನ್ ಗುಡ್ಡಗಳ ಬಳಿ ನಾಶವಾಯಿತು.

ಡೇರೆಯ ಆ ದೃಶ್ಯವನ್ನು ಸುಲ್ತಾನರ ಕಾರ್ಯದರ್ಶಿ ಇಮಾದುದ್ದೀನ್ ಕಣ್ಣಾರೆ ಕಂಡು ಬರೆದಿದ್ದಾರೆ. ಸುಲ್ತಾನರು ರಾಜ ಗೀಗೆ ಹಿಮ ಬೆರೆಸಿದ ನೀರು ಕೊಟ್ಟರು. ಗೀ ಕುಡಿದು ಪಾತ್ರೆಯನ್ನು ರೆಜಿನಾಲ್ಡನಿಗೆ ದಾಟಿಸಿದ. ಕೈದಿಗೆ ಅನ್ನ ನೀರು ಕೊಟ್ಟರೆ ಜೀವದಾನ ಕೊಟ್ಟಂತೆ ಎಂಬುದು ಅರಬರ ಸಂಪ್ರದಾಯ. ಆದ್ದರಿಂದ ಆ ನೀರು ಕೊಟ್ಟದ್ದು ತಾನಲ್ಲ ಎಂದು ರಾಜನಿಗೆ ತಿಳಿಸುವಂತೆ ಸುಲ್ತಾನರು ದುಭಾಷಿಗೆ ಹೇಳಿದರು. ಎಷ್ಟು ಸಾರಿ ಆಣೆ ಮಾಡಿ ಮುರಿದೆ ಎಂದು ರೆಜಿನಾಲ್ಡನನ್ನು ವಿಚಾರಿಸಿದರು. ರಾಜರ ವಾಡಿಕೆಯೇ ಇದು, ತಾನು ಹೊಸದೇನೂ ಮಾಡಿಲ್ಲ ಎಂಬ ಅರ್ಥದಲ್ಲಿ ಅವನು ಉತ್ತರ ಕೊಟ್ಟ. ಇಸ್ಲಾಮ್ ಸ್ವೀಕರಿಸುವ ಅವಕಾಶ ಕೊಟ್ಟಾಗ ನಿರಾಕರಿಸಿದ. ಸುಲ್ತಾನರ ಕತ್ತಿ ಮೊದಲು ಬಿತ್ತು, ಸೇವಕರು ಮುಗಿಸಿದರು. ನಡುಗುತ್ತಿದ್ದ ಗೀಗೆ, ರಾಜರು ರಾಜರನ್ನು ಕೊಲ್ಲುವುದಿಲ್ಲ, ಇವನು ಮಿತಿ ಮೀರಿದವನು ಎಂದು ಧೈರ್ಯ ಹೇಳಿದರು. ಅಕ್ಟೋಬರ್ 2ರಂದು ಜೆರುಸಲೇಮ್ ಸುಲ್ತಾನರಿಗೆ ಶರಣಾಯಿತು.

ಕರಕ್ ಮಾತ್ರ ಬಗ್ಗಲಿಲ್ಲ. ಸ್ಟೆಫಾನಿಯ ಮಗ ಹಂಫ್ರಿ ಹಿತ್ತೀನ್‌ನಲ್ಲಿ ಸೆರೆಸಿಕ್ಕಿದ್ದ. ಕೋಟೆ ಒಪ್ಪಿಸಿದರೆ ಮಗನನ್ನು ಬಿಡುವುದೆಂದು ಮಾತಾಯಿತು. ಮಗ ಅವಳ ಕೈ ಸೇರಿದ. ಆದರೆ ಕೋಟೆಯ ಸೈನಿಕರು ಒಡತಿಯ ಆಜ್ಞೆಯನ್ನೇ ಪಾಲಿಸಲಿಲ್ಲ. ಮಾತು ಉಳಿಸಲಾಗದ ಸ್ಟೆಫಾನಿ ಮಗನನ್ನು ತಾನೇ ಮತ್ತೆ ಸುಲ್ತಾನರ ಸೆರೆಗೆ ವಾಪಸು ಕಳುಹಿಸಿದಳು. ಸ್ವಲ್ಪ ಕಾಲದ ನಂತರ ಸುಲ್ತಾನರು ಅವನನ್ನು ಬಿಟ್ಟುಕೊಟ್ಟರು. ಕೋಟೆಯಲ್ಲಿ ದವಸ ಪೂರ್ತಿ ಖಾಲಿಯಾದ ಮೇಲೆ, 1188ರ ನವೆಂಬರ್‌ನಲ್ಲಿ ಕರಕ್ ಶರಣಾಯಿತು. ಮರುವರ್ಷ ಶೌಬಕ್. ಕಾಫಿಲಾಗಳು ಮತ್ತೆ ಆ ದಾರಿ ಹಿಡಿದವು.